ಹಂಡೆ ಮಾರಿ ಕೊಂಡ ಅಲ್ಯೂಮಿನಿಯಂ ಸೈಕಲ್

ಸಂತಾಪ ಸಭೆಯಲ್ಲಿ ಆರು ಜನ ಮಾತಾಡಿದರು. ಆರೂ ಜನ ಅವರನ್ನು ‘ಪಾಪ’ ಎಂದರು. ಎಣಿಸುವುದು ನನ್ನ ಅಭ್ಯಾಸ. ಒಟ್ಟು ಹನ್ನೊಂದು ಸಲ. ಅವರಿದ್ದಿದ್ದರೆ ಎರಡನೆಯ ‘ಪಾಪ’ಕ್ಕೇ ಎದ್ದು, ಕೋಲನ್ನು ಬೇಕೆಂದೇ ಜೋರಾಗಿ ಕುಟ್ಟುತ್ತಾ ಹೊರಗೆ ಹೋಗಿರುತ್ತಿದ್ದರು. ನನ್ನನ್ನೂ ಎರಡು ಮಾತಾಡಿ ಎಂದು ಕರೆದರು. ಆ ಹನ್ನೊಂದರ ಜೊತೆಗೆ ನನ್ನ ಮಾತನ್ನು ಸೇರಿಸಲು ಮನಸ್ಸಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಯಾರಾದರೂ ಆ ಹೆಸರಿನಲ್ಲೊಂದು ಟ್ರಸ್ಟ್ ಕಟ್ಟಿ, ಅದರಿಂದ ಯಾರಿಗಾದರೂ ಬೇಡದ್ದೊಂದನ್ನು ದಾನ ಮಾಡಿಸಿಬಿಡುತ್ತಾರೆ. ಮುಳಬಾಗಿಲು ತಾಲ್ಲೂಕಿನಲ್ಲಿ ರೇಷ್ಮೆ ಇಲಾಖೆಯ ಪ್ರದರ್ಶಕರಾಗಿದ್ದರು ಎಂದರೆ ಸಾಕು. ಹಿಪ್ಪುನೇರಳೆ ಬೆಳೆಯುವ ಹಳ್ಳಿಗಳಿಗೆ ದಿನವೂ ಹೋಗಿ, ಹುಳ ಸಾಕುವುದನ್ನು ಹೇಳಿಕೊಟ್ಟು, ರೋಗ ಬಂದರೆ ಗುರುತಿಸಿ, ಗೂಡು ಕಟ್ಟುವವರೆಗೆ ಬೆನ್ನು ಬಿಡದೆ ನೋಡಿಕೊಳ್ಳುವುದು ಆ ಕೆಲಸ. ಆವನಿಯ ಸುತ್ತಿನ ಹಳ್ಳಿಗಳು ಅವರವು. ಅಲ್ಲಿಯ ಜನ ಅವರನ್ನು ‘ಹುಳದ ಮೇಷ್ಟ್ರು’ ಎನ್ನುತ್ತಿದ್ದರು. ಮಗುವಾಗಿದ್ದಾಗಲೇ ಪೋಲಿಯೋ ಆಗಿ ಅವರ ಎಡಗಾಲು ಸಣಕಲಾಗಿತ್ತು.

೧೯೮೨ರಲ್ಲಿ ನಾನು ಅದೇ ಕಚೇರಿಗೆ, ಅದೇ ಕೆಲಸಕ್ಕೆ ಸೇರಿದೆ. ಮೊದಲ ದಿನ ಅವರ ಮೇಜಿನೆದುರು ನಿಂತು ಕಾಲನ್ನು ನೋಡಿದೆ, ಆಮೇಲೆ ಕಿಟಕಿಯ ಕಡೆ ನೋಡಿದೆ.

“ನೋಡಿ ಆಯ್ತಾ?” ಎಂದರು. “ಹೌದು, ಕುಂಟ. ಈಗ ಹೇಳು, ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತಾರಾ?”

ಜ್ವರ ಎಂದರೆ ಹುಳ ಪೊರೆ ಬಿಡುವ ಕಾಲ. ಆಗ ಅದು ತಲೆ ಎತ್ತಿ ಅಲ್ಲಾಡದೆ ಕೂತಿರುತ್ತದೆ.

“ಇಲ್ಲ ಸಾರ್. ತಿನ್ನಲ್ಲ.”

“ತಿನ್ನಲ್ಲ ಅಂತ ಅಯ್ಯೋ ಅಂತ ಮೈ ಸವರ್ತೀವಾ? ಮುಟ್ಟದೆ ಬಿಡ್ತೀವಿ. ನನ್ನನ್ನೂ ಹಂಗೇ ಬಿಡು. ಕೆಲಸದಲ್ಲಿ ಚೆನ್ನಾಗಿರ್ತೀವಿ.”

ಚೆನ್ನಾಗಿಯೇ ಇದ್ದೆವು. ಇಲಾಖೆಗೆಂದು ಬರೆಯಬೇಕಾದ ಟೂರ್ ಡೈರಿಯ ಜೊತೆಗೆ ನನಗೆಂದೇ ಇನ್ನೊಂದನ್ನು ಬರೆಯುವುದನ್ನು ನಾನು ಆಗಲೇ ಶುರು ಮಾಡಿದ್ದೆ. ಅದರಲ್ಲಿ ಅವರದೇ ಹೆಚ್ಚು ಪುಟಗಳಿವೆ. ಒಂದು ಹೀಗಿದೆ. ಒಂದು ಹಳ್ಳಿಯಲ್ಲಿ ಹುಡುಗರು ಸಾಲಾಗಿ ಅವರ ಹಿಂದೆ ಕುಂಟುತ್ತಾ ಬರುತ್ತಿದ್ದರು. ದೊಡ್ಡವರೊಬ್ಬರು ಗದರಲು ಹೊರಟರು. ಇವರು ಕೈ ತೋರಿಸಿ ತಡೆದು, ಹುಡುಗರ ಕಡೆ ತಿರುಗಿದರು.

“ಲೇ, ನಂದು ಎಡಗಾಲು ಕಣ್ರೋ. ನೀವು ಬಲಗಾಲು ಕುಂಟ್ತಾ ಇದ್ದೀರಿ. ನೋಡಿ ಕಲೀಬೇಕು.” ಎರಡು ಸಲ ನಡೆದು ತೋರಿಸಿದರು. “ಹಾಂ, ಈಗ ಮಾಡಿ.”

ಹುಡುಗರು ಮಾಡಲಿಲ್ಲ. ಹೇಳಿಸಿಕೊಂಡು ಮಾಡುವ ಅಣಕದಲ್ಲಿ ಅವರಿಗೇನೂ ರುಚಿ ಸಿಗಲಿಲ್ಲವೆಂದು ಕಾಣುತ್ತದೆ.

ಸುತ್ತಾಟಕ್ಕೆ ಅವರ ಹತ್ತಿರ ಒಂದು ಹಳೆಯ ಕರಿ ಸೈಕಲಿತ್ತು. ತುಳಿಯುವುದು ಬಲಗಾಲೊಂದೇ. ಹಳೆಯ ಚಪ್ಪಲಿಯ ಚರ್ಮ ಕೊಯ್ದು ಬಲಗಡೆಯ ಪೆಡಲಿಗೆ ಪಟ್ಟಿ ಹೊಲಿಸಿ, ಅದರಲ್ಲಿ ಪಾದ ತೂರಿಸುತ್ತಿದ್ದರು. ಅದೇ ಕಾಲು ಕೆಳಗೆ ಒತ್ತಬೇಕು, ಅದೇ ಕಾಲು ಮೇಲಕ್ಕೆ ಎಳೆಯಬೇಕು. ಕೋಲನ್ನು ಸೈಕಲಿನ ಅಡ್ಡ ಬಾರಿಗೆ ಕಟ್ಟುತ್ತಿದ್ದರು. ರಸ್ತೆಯಲ್ಲಿ ಅವರನ್ನು ಹಿಂದೆ ಹಾಕುವುದು ನನಗೆ ಸುಲಭವಿರಲಿಲ್ಲ. ಆದರೆ ನಮ್ಮ ಹಳ್ಳಿಗಳಿಗೆ ರಸ್ತೆ ಕೊನೆಯವರೆಗೆ ಹೋಗುವುದಿಲ್ಲ. ಆವನಿ ಸುತ್ತ ಬರೀ ಬಂಡೆ. ಅದು ಮುಗಿದರೆ ಹೊಲದ ಬದು, ಕಾಲುವೆ, ಕೆರೆ ಏರಿ. ಅಂಥ ಕಡೆ ನಾವೆಲ್ಲ ಸೈಕಲನ್ನು ಎತ್ತಿ ದಾಟಿಸುತ್ತೇವೆ. ಅವರ ಒಂದು ಕೈ ಕೋಲಿಗೆ ಹೋಯಿತು. ಇನ್ನೊಂದು ಕೈಯಲ್ಲಿ ಆ ಕಬ್ಬಿಣ ಏಳುತ್ತಿರಲಿಲ್ಲ. ಅಲ್ಲಿ ನಿಂತು, ಹೊಲದಲ್ಲಿದ್ದ ಯಾರನ್ನಾದರೂ ಕೂಗಬೇಕಿತ್ತು.

ಎಲ್ಲರೂ ಸಂತೋಷವಾಗಿಯೇ ಬರುತ್ತಿದ್ದರು. ಇವರಿಗೆ ಆಗದೇ ಇದ್ದದ್ದು ಆ ಸಂತೋಷವೇ.

ಹೊಸದಾಗಿ ಬಂದ ನಮ್ಮ ಸಾಹೇಬರು ಕೆಟ್ಟವರಲ್ಲ. ಇವರನ್ನು ನೋಡಿದ ಮೊದಲ ವಾರವೇ ಕರಗಿಹೋದರು. ಕೋಲಾರದ ಒಂದು ಸೇವಾ ಸಂಘಕ್ಕೆ ಬರೆದು, ಕೈಯಲ್ಲಿ ತಿರುಗಿಸಿ ಓಡಿಸುವ ಮೂರು ಗಾಲಿಯ ಗಾಡಿಯೊಂದನ್ನು ದಾನವಾಗಿ ಗೊತ್ತು ಮಾಡಿದರು. ಜೊತೆಗೆ, ಇನ್ನು ಮುಂದೆ ಇವರು ಹಳ್ಳಿ ತಿರುಗುವುದು ಬೇಡ, ಕಚೇರಿಯಲ್ಲೇ ಕೂತು ಟಪಾಲು ನೋಡಲಿ ಎಂದು ಯೋಚಿಸಿದರು. ಮನೆಯಿಂದ ಕಚೇರಿಗೆ ಡಾಂಬರು ರಸ್ತೆ. ಗಾಡಿ ಅಷ್ಟಕ್ಕೆ.

ಸಂಘದವರು ಶಾಮಿಯಾನ ಹಾಕಿಸಿದರು. ಫೋಟೋದವನು ಬಂದ. ಗಾಡಿಯನ್ನು ವೇದಿಕೆಗೆ ಹತ್ತಿಸಲು ನಾಲ್ಕು ಜನ ಹಿಡಿದರು. ಇವರ ಕೈಗೆ ಮೈಕು ಕೊಟ್ಟು, ಸಂತೋಷವನ್ನು ಹಂಚಿಕೊಳ್ಳಿ ಎಂದರು.

“ಗಾಡಿ ಚೆನ್ನಾಗಿದೆ,” ಎಂದರು ಇವರು. “ಇದನ್ನ ಮೇಲೆ ತರೋಕೆ ನಾಲ್ಕು ಜನ ಬೇಕಾಯ್ತು. ಆ ನಾಲ್ಕು ಜನ ದಿನಾ ನನ್ನ ಜೊತೆ ಹೊಲಕ್ಕೆ ಬರೋದಾದ್ರೆ ತಗೋತೀನಿ. ಇಲ್ಲಾಂದ್ರೆ ಮನೆಯಿಂದ ಈಚೆಗೇ ಬರೋಕಾಗದವರು ಈ ಊರಲ್ಲಿ ಇದ್ದಾರೆ. ಅವರಿಗೆ ಕೊಡಿ, ವಿಳಾಸ ನಾನು ಹೇಳ್ತೀನಿ.”

ವಿಳಾಸ ಹೇಳಿಯೂ ಬಿಟ್ಟರು. ಸಂಘದ ಅಧ್ಯಕ್ಷರ ಕೈಯಲ್ಲಿ ಹಾರ ಹಾಗೇ ಉಳಿಯಿತು. ಪುಕ್ಕಟೆ ಬಂದದ್ದನ್ನು ಒದ್ದ ಸೊಕ್ಕಿನವನು ಎಂದು ಊರೆಲ್ಲ ಆಡಿಕೊಂಡಿತು. ಕಚೇರಿಗೆ ಬಂದ ಮೇಲೆ ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು, “ಹಾಗಾದರೆ ಬೇರೆಯವರ ಸಹಾಯವಿಲ್ಲದೆ ನಿಮ್ಮ ಹಳ್ಳಿಗಳನ್ನೆಲ್ಲ ಸುತ್ತಿ ತೋರಿಸಿ. ಆಗದಿದ್ದರೆ ಟಪಾಲು ಮೇಜು,” ಎಂದರು.

“ಆಗಲಿ ಸಾರ್. ಸೈಕಲ್ ಬದಲಾಯಿಸ್ತೀನಿ,” ಎಂದರು ಇವರು.

ಮುಂದಿನ ಭಾನುವಾರ ಕೋಲಾರಕ್ಕೆ ಹೋದೆವು. ಅಂಗಡಿಯಲ್ಲಿ ಸಾದಾ ಸೈಕಲ್ಲಿನ ಜೊತೆಗೆ, ಆಗ ಕಾಲೇಜು ಹುಡುಗರು ಕೊಳ್ಳುತ್ತಿದ್ದ ಸಣ್ಣ ಕೊಳವೆಯ ಸ್ಪೋರ್ಟ್ಸ್ ಮಾದರಿಯೂ ಇತ್ತು. ಇವರು ಬೆಲ್ಲು ಬಾರಿಸಲಿಲ್ಲ, ಸೀಟು ಒತ್ತಲಿಲ್ಲ. ತೂಕ ಎಷ್ಟು ಎಂದು ಕೇಳಿದರು.

ಅಂಗಡಿಯ ಭಾಯ್ ನಕ್ಕರು. “ಸೈಕಲ್ ಏನು ಹುಣಸೇಹಣ್ಣಾ ಸಾರ್, ತೂಕ ಹಾಕೋಕೆ? ತೂಕ ಇದ್ರೇನೇ ಗಟ್ಟಿ. ಇದನ್ನ ತಗೊಳ್ಳಿ, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ.”

“ಮೊಮ್ಮಕ್ಕಳ ಕಾಲಲ್ಲಿ ನಾನು ತುಳಿಯಲ್ವಲ್ಲಪ್ಪ. ತಕ್ಕಡಿ ಎಲ್ಲಿದೆ ಹೇಳಿ.”

ಪಕ್ಕದ ಈರುಳ್ಳಿ ಮಂಡಿಯ ತಕ್ಕಡಿಗೆ ಎರಡನ್ನೂ ಹಾಕಿಸಿದರು. ಸಾದಾ ಸೈಕಲ್ಲು ಇಪ್ಪತ್ತೆರಡು ಕೆ.ಜಿ., ಸ್ಪೋರ್ಟ್ಸ್ ಹದಿನೇಳು. ಅದಕ್ಕೆ ಇನ್ನೂರು ರೂಪಾಯಿ ಹೆಚ್ಚು.

ಮೂರನೆಯದೊಂದು ಇದೆ ಎಂದು ಹೇಳಿದ್ದೂ ಅದೇ ಭಾಯ್. ಕೆ.ಜಿ.ಎಫ್.ನಲ್ಲಿ ಗಣಿಯಿಂದ ನಿವೃತ್ತರಾದ ಒಬ್ಬ ಆಂಗ್ಲೋ-ಇಂಡಿಯನ್ ಮುದುಕರು ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ಅವರ ಮಗ ರೇಸಿಗೆಂದು ಹೊರದೇಶದಿಂದ ತರಿಸಿದ್ದ ಸೈಕಲ್ಲು ಮಾರಾಟಕ್ಕಿತ್ತು. “ಹತ್ತೇ ಕೆ.ಜಿ.ಯಂತೆ. ಆದ್ರೆ ಅದು ಅಲ್ಮೇನಿಯಂ ಸಾರ್. ಎರಡು ಸಾವಿರ ಹೇಳ್ತಾವ್ರೆ. ಹುಚ್ಚಾಸ್ಪತ್ರೆ ರೇಟು.”

ನಮ್ಮ ಕಡೆ ಅಲ್ಯೂಮಿನಿಯಂ ಎಂದರೆ ಏನೆಂದು ಹೇಳಬೇಕು. ಪಾತ್ರೆಯನ್ನು ನಮ್ಮಲ್ಲಿ ತೂಕದ ಮೇಲೆ ಕೊಳ್ಳುತ್ತಾರೆ. ಹಿತ್ತಾಳೆ ಮದುವೆಗೆ, ಸ್ಟೀಲು ನೆಂಟರಿಗೆ, ಅಲ್ಯೂಮಿನಿಯಂ ನಾಯಿಗೆ ಅನ್ನ ಹಾಕಲಿಕ್ಕೆ. ತೂಕವೂ ಇಲ್ಲ, ಬೆಲೆಯೂ ಇಲ್ಲ. ಅಂಥ ಲೋಹದ ಹಳೆಯ ಸೈಕಲ್ಲಿಗೆ ಹೊಸ ಸೈಕಲ್ಲಿನ ಮೂರರಷ್ಟು ದುಡ್ಡು ಎಂದರೆ ನನಗೂ ನಗು ಬಂತು.

ನಾನು ಸುಮ್ಮನಿರುವವನಲ್ಲ. ವಾಪಸು ಬರುವ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಒಂದು ಕಿಲೋ ಕಡಿಮೆ ಮಾಡಿಕೊಳ್ಳಲು ಸ್ಪೋರ್ಟ್ಸ್ ಮಾದರಿಯಲ್ಲಿ ನಲವತ್ತು ರೂಪಾಯಿ ಬೀಳುತ್ತದೆ. ಅಲ್ಯೂಮಿನಿಯಂನಲ್ಲಿ ನೂರು ದಾಟುತ್ತದೆ. ಸ್ಪೋರ್ಟ್ಸೇ ಲಾಭ ಎಂದು ತೋರಿಸಿದೆ.

ಅವರು ಚೀಟಿಯನ್ನು ಪೂರ್ತಿ ಓದಿದರು. “ಲೆಕ್ಕ ಸರಿಯಾಗಿದೆ ಕಣೋ. ಆದ್ರೆ ಇದು ತುಳಿಯೋನ ಲೆಕ್ಕ. ನಾನು ತುಳಿದುಬಿಡ್ತೀನಿ, ಅದಕ್ಕೆ ನನ್ನ ಬಲಗಾಲಿದೆ. ನನಗೆ ಬೇಕಿರೋದು ಎತ್ತೋ ಸೈಕಲ್. ಒಂದು ಕೈಯಲ್ಲಿ ನಾನು ಹನ್ನೆರಡು ಕಿಲೋ ಎತ್ತಿ ಬದು ದಾಟಬಲ್ಲೆ, ಗೊಬ್ಬರದ ಚೀಲದಲ್ಲಿ ನೋಡಿದ್ದೀನಿ. ಹದಿಮೂರು ಆಗಲ್ಲ. ಅಂದ್ಮೇಲೆ ಹದಿನೇಳೂ ಒಂದೇ, ಇಪ್ಪತ್ತೆರಡೂ ಒಂದೇ. ನಿನ್ನ ಸ್ಪೋರ್ಟ್ಸ್ ತಗೊಂಡ್ರೂ ಬದುವಿನ ಹತ್ರ ನಿಂತು ‘ಬಾರಪ್ಪಾ’ ಅಂತ ಕೂಗಲೇಬೇಕು. ಆ ಇನ್ನೂರು ದಂಡ.”

ಚೀಟಿಯನ್ನು ಮಡಚಿ ನನಗೇ ಕೊಟ್ಟರು.

ಕೆ.ಜಿ.ಎಫ್.ಗೂ ನಾನೇ ಜೊತೆಗೆ ಹೋದೆ. ಮುದುಕರು ಸೈಕಲ್ಲನ್ನು ಹೊರಗೆ ತಂದರು. ಬೂದಿ ಬೆಳ್ಳಗಿನ ಬಣ್ಣ, ಟಗರಿನ ಕೊಂಬಿನಂತೆ ಬಾಗಿದ ಹಿಡಿ. ಇವರು ಎಡಗೈಯಲ್ಲಿ ಕೋಲೂರಿ, ಬಲಗೈಯಲ್ಲಿ ಬಾರಿನ ಮಧ್ಯಕ್ಕೆ ಹಿಡಿದು ಎತ್ತಿದರು. ಎದ್ದಿತು. ಎತ್ತಿಕೊಂಡೇ ವರಾಂಡದ ಮೆಟ್ಟಿಲು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಪೆಡಲು ನೋಡಿದಾಗ ಮಾತ್ರ ನಗು ಬಂತು ಅವರಿಗೆ. ರೇಸಿನ ಸೈಕಲ್ಲಾದ್ದರಿಂದ ಎರಡು ಪೆಡಲಿಗೂ ಪಾದ ಬಿಗಿಯುವ ಚರ್ಮದ ಪಟ್ಟಿಯಿತ್ತು.

“ನೋಡೋ, ಎರಡು ಕಾಲಿರೋರೂ ಕಟ್ಕೋತಾರಂತೆ!” ಎಂದರು. “ನಾನು ಚಪ್ಪಲಿ ಕೊಯ್ದದ್ದು ದಂಡ ಆಗ್ಲಿಲ್ಲ.”

ಮುದುಕರು ಅವರ ಕಾಲನ್ನು ನೋಡುತ್ತಿದ್ದರು. ಅರ್ಧ ಇಂಗ್ಲಿಷು, ಅರ್ಧ ತಮಿಳು, ನಡುವೆ ಸ್ವಲ್ಪ ಕನ್ನಡದಲ್ಲಿ, ನಿಮಗಾದರೆ ಐನೂರು ಬಿಡುತ್ತೇನೆ ಎಂದರು.

“ಯಾಕೆ?”

ಮುದುಕರು ಅವರ ಕಾಲಿನ ಕಡೆ ಕೈ ಆಡಿಸಿದರು.

“ಕಾಲಿಗೆ ರಿಯಾಯಿತಿ ಬೇಡ ಸಾರ್. ಬ್ರೇಕಿನ ರಬ್ಬರು ಸವೆದಿದೆ, ಹಿಂದಿನ ಗಾಲಿ ಓಲಾಡ್ತಿದೆ, ಚೈನು ಸಡಿಲ. ಅದಕ್ಕೆಷ್ಟು ಇಳಿಸ್ತೀರೋ ಇಳಿಸಿ.”

ಒಂದು ಗಂಟೆ ಚೌಕಾಸಿ ನಡೆಯಿತು. ಕೊನೆಗೆ ಮುನ್ನೂರು ಇಳಿಯಿತು. ಪುಕ್ಕಟೆ ಐನೂರನ್ನು ಬಿಟ್ಟು, ಜಗಳವಾಡಿ ಮುನ್ನೂರು ಗೆದ್ದ ಮನುಷ್ಯ ಬೇತಮಂಗಲದವರೆಗೂ ಬಸ್ಸಿನಲ್ಲಿ ಶಿಳ್ಳೆ ಹಾಕುತ್ತಾ ಬಂದರು.

ಆದರೆ ಕೊಟ್ಟದ್ದು ಮುಂಗಡ ಮಾತ್ರ. ಉಳಿದ ದುಡ್ಡಿಗೆ ಮನೆಯಾಕೆ ಒಪ್ಪಬೇಕಿತ್ತು. ಸೈಕಲ್ಲನ್ನು ನಂಬಿಕೆಯ ಮೇಲೆ ತಂದಿದ್ದೆವು. ಆಕೆ ಶ್ರೀನಿವಾಸಪುರದ ಕಡೆಯವರು, ತೆಲುಗಿನ ಎಳೆತದ ಕನ್ನಡ. ಬಾಗಿಲಲ್ಲಿ ನಿಂತು ಬಾರಿಗೆ ಬೆರಳು ಮಡಚಿ ಬಡಿದು ನೋಡಿದರು.

“ಇದೇಮಿ ಇದು, ಅಲ್ಮೇನಿಯಂ ಬೋಸಿ ಸದ್ದು ಬರ್ತಾ ಐತೆ. ಇದಕ್ಕೆ ಸಾವಿರದ ಏಳುನೂರಾ? ನಮ್ಮಮ್ಮ ನನ್ನ ಮದುವೇಲಿ ಒಂದು ಅಲ್ಮೇನಿಯಂ ಸೌಟು ಕೊಟ್ರು ಅಂತ ನಿಮ್ಮಮ್ಮ ಆರು ತಿಂಗಳು ಮಾತು ಬಿಟ್ಟಿದ್ರು.”

“ಎತ್ತಿ ನೋಡು,” ಎಂದರು ಇವರು.

ಆ ಮನೆಗೆ ಮೂರು ಎತ್ತರದ ಮೆಟ್ಟಿಲು. ಹಳೆಯ ಸೈಕಲ್ಲನ್ನು ಬೆಳಿಗ್ಗೆ ಇಳಿಸುವವರು, ಸಂಜೆ ಹತ್ತಿಸುವವರು ಆಕೆಯೇ. ಬಸುರಿಯಾಗಿದ್ದಾಗಲೂ ಇಳಿಸಿ ಹತ್ತಿಸಿದ್ದರು. ಆ ಎರಡು ಹೊತ್ತು ಇವರು ಬೀದಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಆಕೆ ಈಗ ಸೆರಗು ಸಿಕ್ಕಿಸಿ, ಅಭ್ಯಾಸಬಲದಿಂದ ಪೂರ್ತಿ ಬಲ ಹಾಕಿ ಎತ್ತಿದರು. ಸೈಕಲ್ಲು ಎದೆಮಟ್ಟಕ್ಕೆ ಹಾರಿಬಂತು. ಆಕೆ ಹಾಗೇ ಹಿಡಿದುಕೊಂಡು ಒಂದು ಗಳಿಗೆ ನಿಂತರು. ನೆಲಕ್ಕಿಳಿಸಿ ಒಳಗೆ ಹೋದರು. ಒಳಗಿಂದ ಹಂಡೆಯ ನೀರು ಬಚ್ಚಲಿಗೆ ಸುರಿದ ಸದ್ದು ಕೇಳಿಸಿತು.

ತವರಿನಿಂದ ಬಂದ ಹಿತ್ತಾಳೆ ಹಂಡೆ. ಮಾರನೆಯ ದಿನ ಅದು ತಕ್ಕಡಿಗೆ ಹೋಯಿತು. ಉಳಿದದ್ದು ಕಚೇರಿಯಲ್ಲಿ ಸಂಬಳದ ಮೇಲೆ ಕೊಡುವ ಹಬ್ಬದ ಮುಂಗಡದಿಂದ ಬಂತು. ಹಿತ್ತಾಳೆ ಮಾರಿ ಅಲ್ಮೇನಿಯಂ ತಂದವಳು ಎಂದು ಬೀದಿಯ ಹೆಂಗಸರು ಹೀಯಾಳಿಸಿದಾಗ ಆಕೆ, “ಹಂಡೆ ನಮ್ಮನೆಯವರನ್ನ ಆವನಿಗೆ ಕರ್ಕೊಂಡು ಹೋಗ್ತದೇನಮ್ಮಾ? ನಿಮ್ಮನೇಲಿ ಹೋಗೋ ಹಂಡೆ ಇದ್ರೆ ಹೇಳಿ, ನಾನೂ ಬಂದು ನೋಡ್ತೀನಿ,” ಎಂದರಂತೆ.

ಸೈಕಲ್ಲಿಗೆ ಅವರು ಮಾಡಿದ ಬದಲಾವಣೆ ಎರಡೇ. ಜಾಲಿ ಮುಳ್ಳಿಗೆ ನಿಲ್ಲುವಂಥ ದಪ್ಪ ಟೈರು ಹಾಕಿಸಿದರು. ತಮ್ಮ ಹಳೆಯ ಸ್ಪ್ರಿಂಗ್ ಸೀಟು ಕೂರಿಸಿದರು. ತೂಕ ಹೆಚ್ಚಲಿಲ್ಲವೇ ಎಂದು ಕೇಳಿದೆ. “ಹನ್ನೆರಡರ ಒಳಗೇ ಇದೆ. ಅದಕ್ಕಿಂತ ಕಡಿಮೆ ಮಾಡಿ ಯಾರಿಗೆ ತೋರಿಸ್ಬೇಕು?” ಎಂದರು. ಬೆಲ್ಲು ಮಾತ್ರ ಹಾಕಿಸಲಿಲ್ಲ. ದನ ಅಡ್ಡ ಬಂದರೆ ಬಾಯಲ್ಲಿ ಬಯ್ಯುತ್ತಿದ್ದರು.

ರೈತರು ಮೊದಮೊದಲು ಬಾರು ಬಡಿದು ನಗುತ್ತಿದ್ದರು. ಅವರ ಗೂಡನ್ನೇ ಕತ್ತರಿಸಿ ಇವರು ಉತ್ತರ ಹೇಳುತ್ತಿದ್ದರು. ಒಳಗೆ ಕೋಶವಾಗಿದ್ದ ಹುಳವನ್ನು ಅಂಗೈಗೆ ಉದುರಿಸಿ, “ಇದು ತೂಕ,” ಎನ್ನುತ್ತಿದ್ದರು. ಖಾಲಿ ಸಿಪ್ಪೆಯನ್ನು ಎತ್ತಿ ಹಿಡಿದು, “ಇದು ರೇಷ್ಮೆ. ನೂಲು ಬಿಚ್ಚೋನು ಯಾವುದಕ್ಕೆ ದುಡ್ಡು ಕೊಡ್ತಾನೆ ಹೇಳ್ರಪ್ಪ?”

ಆರು ವಾರ ಅವರು ಒಂದು ಹಳ್ಳಿಯನ್ನೂ ತಪ್ಪಿಸಲಿಲ್ಲ, ಯಾರನ್ನೂ ಕೂಗಲಿಲ್ಲ. ಕಚೇರಿಯಲ್ಲಿ ಅದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ. ಸಾಹೇಬರು ಅಷ್ಟರಲ್ಲಿ ಮೇಲಿನವರಿಗೆ ಬರೆದು, ಅಂಗವಿಕಲ ನೌಕರರ ಹಿತದೃಷ್ಟಿಯಿಂದ ಇವರನ್ನು ಕಚೇರಿ ಕೆಲಸಕ್ಕೆ ನಿಯೋಜಿಸುವ ಆದೇಶ ತರಿಸಿಬಿಟ್ಟಿದ್ದರು. ಇವರು ಅದನ್ನು ಕೈಗೆ ತೆಗೆದುಕೊಂಡು ಸಹಿ ಹಾಕಿದರೆ ಆ ಗಳಿಗೆಯಿಂದ ಹಳ್ಳಿ ಮುಗಿಯಿತು. ಆ ಆದೇಶ ಕೊನೆಗೂ ಅವರ ಕೈಗೆ ಸೇರಲಿಲ್ಲ. ಮುಂದಿನ ವರ್ಗಾವಣೆಯಲ್ಲಿ ಸಾಹೇಬರೇ ಬೇರೆ ಊರಿಗೆ ಹೋದರು. ಕಾಗದ ಫೈಲಿನಲ್ಲಿ ಉಳಿಯಿತು. ಇವರು ಸಾಯುವ ಹಿಂದಿನ ವಾರದವರೆಗೂ ಹಳ್ಳಿ ಸುತ್ತಿದರು. ಅದು ಕೈಗೆ ಸೇರದೆ ಹೋದ ದಿನ ನಾನು ಅಲ್ಲಿದ್ದೆ.

ಆ ವರ್ಷ ಹಿಂಗಾರು ಚೆನ್ನಾಗಿ ಹಿಡಿದು, ಆವನಿಯಾಚೆಯ ಒಂದು ಕೆರೆ ಕೋಡಿ ಬಿದ್ದಿತ್ತು. ಕೋಡಿಯಾಚೆಯ ಹಳ್ಳಿಯಲ್ಲಿ ಒಬ್ಬ ವಿಧವೆ ಮೊದಲ ಸಲ ಹುಳ ಸಾಕಿದ್ದರು. ಅವು ಅಂದು ಹಣ್ಣಾಗುವುದರಲ್ಲಿದ್ದವು, ಎಂದರೆ ಮೈ ಮಾಗಿ ಗೂಡು ಕಟ್ಟಲು ತಯಾರಾಗುವುದರಲ್ಲಿದ್ದವು. ಹಣ್ಣಾದ ಹುಳವನ್ನು ಹೊತ್ತು ಮೀರದೆ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ತಿಂಗಳ ದುಡಿಮೆ ತಟ್ಟೆಯಲ್ಲೇ ಹಾಳಾಗುತ್ತದೆ. ಇವರು ಬೆಳಿಗ್ಗೆಯೇ ಹೊರಟಿದ್ದರು. ಸಾಹೇಬರು ಆದೇಶವನ್ನು ಇಂದೇ ಜಾರಿ ಮಾಡಬೇಕೆಂದು ನನ್ನನ್ನೂ ಕೂರಿಸಿಕೊಂಡು ಜೀಪಿನಲ್ಲಿ ಹಿಂದೆ ಬಂದರು. ಕೋಡಿಯ ಹತ್ತಿರ ಇವರು ಸಿಕ್ಕರು. ಜೀಪು ಅಲ್ಲಿಗೇ ನಿಂತಿತು. ಮುಂದೆ ಕಲ್ಲುಗಳ ಮೇಲೆ ಮೊಣಕಾಲಿನ ಕೆಳಗಿನಷ್ಟು ನೀರು ಹರಿಯುತ್ತಿತ್ತು.

ಅವರು ಪೆಡಲಿನ ಪಟ್ಟಿಯಿಂದ ಪಾದ ಬಿಡಿಸಿಕೊಂಡು, ಕೋಲು ಬಿಚ್ಚುತ್ತಿದ್ದರು.

“ರೀ, ನಿಲ್ಲಿ! ನಿಮ್ಮ ಆರ್ಡರು ಬಂದಿದೆ. ಇದನ್ನ ತಗೊಂಡು ಇಲ್ಲೊಂದು ಸಹಿ ಹಾಕಿ, ಜೀಪಲ್ಲೇ ವಾಪಸು ಹೋಗೋಣ.”

“ಈಗ ನನ್ನ ಕೈ ಖಾಲಿ ಇಲ್ಲ ಸಾರ್,” ಎಂದರು.

ಇರಲಿಲ್ಲ. ಎಡಗೈಯಲ್ಲಿ ಕೋಲು. ಬಲಗೈ ಸೈಕಲ್ಲನ್ನು ಎತ್ತಿ ಹೆಗಲಿಗೇರಿಸಿತು. ನೀರಿಗಿಳಿದರು. ಕೋಲನ್ನು ಒಂದು ಕಲ್ಲಿಗೆ ಊರಿ, ಅದು ಅಲ್ಲಾಡುವುದಿಲ್ಲವೆಂದು ಖಚಿತ ಮಾಡಿಕೊಂಡು, ಬಲಗಾಲು ಇಟ್ಟು, ಎಡಗಾಲನ್ನು ಎಳೆದುಕೊಂಡರು. ನಡುವೆ ಒಂದು ಕಡೆ ಕೋಲು ಜಾರಿತು. ಅವರು ಅರ್ಧ ವಾಲಿದರು. ಸಾಹೇಬರು, “ಹೋಗಿ ಹಿಡ್ಕೊಳ್ರೀ!” ಎಂದು ನನ್ನ ಬೆನ್ನಿಗೆ ತಿವಿದರು. ನಾನು ಹೋಗಲಿಲ್ಲ. ವಾಲಿದವರು ಹಾಗೇ ಸ್ವಲ್ಪ ಹೊತ್ತು ನಿಂತು, ಕೋಲಿಗೆ ಇನ್ನೊಂದು ಕಲ್ಲು ಹುಡುಕಿ, ನೆಟ್ಟಗಾದರು.

ಆಚೆ ದಡದಲ್ಲಿ ಸೈಕಲ್ಲು ಇಳಿಸಿ, ಪಂಚೆಯ ನೀರು ಹಿಂಡಿ, ಈ ಕಡೆ ತಿರುಗಿದರು.

“ಸಾರ್, ಆ ಕಾಗದ ಇಲ್ಲಿಗೆ ತಂದುಕೊಡಿ. ಸಹಿ ಹಾಕ್ತೀನಿ.”

ಸಾಹೇಬರು ನೀರನ್ನು ನೋಡಿದರು. ತಮ್ಮ ಬೂಟು ನೋಡಿದರು. ಕಾಗದವನ್ನು ನನ್ನ ಕಡೆ ಚಾಚಿ, “ನೀವು ಹೋಗಿ ಕೊಟ್ಟು ಬನ್ನಿ,” ಎಂದರು.

ನಾನು ಪ್ಯಾಂಟು ಮಡಚಿದೆ. ಚಪ್ಪಲಿ ಬಿಚ್ಚಿ ಒಂದೊಂದು ಕೈಗೆ ಒಂದೊಂದು ಹಿಡಿದುಕೊಂಡೆ.

“ರೀ, ಕಾಗದ ಯಾವ ಕೈಲಿ ಹಿಡೀತೀರಿ?”

“ಅಲ್ಲಿ ಹುಳ ಹಣ್ಣಾಗ್ತಿದೆ ಸಾರ್,” ಎಂದು ನೀರಿಗಿಳಿದೆ.